ಹೆರಿಗೆ ಕೋಣೆಯಲ್ಲಿನ ವಿವೇಚನೆಗೆ ಅಂಕ ಕೊಡುವುದು ಹೇಗೆ?

ಹೆರಿಗೆ ಆರೈಕೆಯ ವಿದ್ಯೆಯಾದ ಮಿಡ್‌ವೈಫರಿ ಕಲಿಯುತ್ತಿರುವ ವಿದ್ಯಾರ್ಥಿನಿ ಗರ್ಭಿಣಿಯ ಹೊಟ್ಟೆಯನ್ನು ಮುಟ್ಟಿ ಮಗುವಿನ ತಲೆ ಎಲ್ಲಿದೆಯೆಂದು ಸರಿಯಾಗಿ ಗುರುತಿಸಿದಳೇ ಎಂಬುದನ್ನು ಪರೀಕ್ಷಕರು ನಿಂತು ನೋಡಿ ಅಂಕ ಕೊಡಬಹುದು. ಆದರೆ ವಾರ್ಡಿನ ನಿಯಮ ಒಂದನ್ನು ಹೇಳುತ್ತಿರುವಾಗ ಎದುರಿಗಿರುವ ತಾಯಿಯ ಸ್ಥಿತಿ ಇನ್ನೊಂದನ್ನು ಸೂಚಿಸಿದರೆ, ಆಕೆ ಏನೇನನ್ನು ತೂಗಿ ನೋಡುತ್ತಾಳೆ, ಇನ್ನಷ್ಟು ಕಾಯಬೇಕೇ ಅಥವಾ ವೈದ್ಯರನ್ನು ಕರೆಯಬೇಕೇ ಎಂಬುದನ್ನು ಯಾವ ಆಧಾರದ ಮೇಲೆ ತೀರ್ಮಾನಿಸುತ್ತಾಳೆ ಎಂಬುದು ಕಣ್ಣಿಗೆ ಕಾಣುವ ಸಂಗತಿಯಲ್ಲ. ಈ ವಿಮರ್ಶಾತ್ಮಕ ಚಿಂತನೆಯನ್ನು ಅಳೆಯುವ ಪ್ರಯತ್ನ ಮಿಡ್‌ವೈಫರಿ ಶಿಕ್ಷಣಕ್ಕೆ ತೀರ ತಡವಾಗಿ ಬಂದಿತು.

ಇಂಗ್ಲೆಂಡಿನಲ್ಲಿ 1902ರ ಮಿಡ್‌ವೈವ್ಸ್ ಕಾಯ್ದೆ ಈ ವೃತ್ತಿಗೆ ನೋಂದಣಿಯನ್ನೂ ಪರೀಕ್ಷೆಯನ್ನೂ ತಂದಿತು. ಹೆರಿಗೆಯಲ್ಲಿ ಅಸಹಜತೆ ಕಂಡರೆ ವೈದ್ಯರ ನೆರವು ಕೋರಬೇಕೆಂಬ ನಿಯಮವೂ ಜೊತೆಗೇ ಬಂತು. ನಿಯಮವನ್ನು ಅರಿತು ಪಾಲಿಸುವುದೇ ಅರ್ಹತೆಯಾಗಿದ್ದ ಕಾಲದಲ್ಲಿ, ನಿಯಮವನ್ನೇ ಪ್ರಶ್ನಿಸುವ ಶಕ್ತಿಯನ್ನು ಪರೀಕ್ಷಿಸುವ ಅಗತ್ಯ ಯಾರಿಗೂ ತೋರಿರಲಾರದು.

ಆ ಅಗತ್ಯವನ್ನು ತೋರಿಸಿಕೊಟ್ಟದ್ದು ನಿಯಮಗಳ ಸೋಲೇ. ಹೆರಿಗೆಯ ವೇಳೆ ಯೋನಿದ್ವಾರವನ್ನು ಕತ್ತರಿಸುವ ಎಪಿಸಿಯಾಟಮಿಯನ್ನು ಧಾರಾಳವಾಗಿ ಮಾಡುವುದರಿಂದ ಹೆಚ್ಚಿನ ಪ್ರಯೋಜನವಿಲ್ಲವೆಂದು 1984ರಲ್ಲಿ ಪ್ರಕಟವಾದ ಬ್ರಿಟನ್ನಿನ ವೆಸ್ಟ್ ಬರ್ಕ್‌ಶೈರ್ ಅಧ್ಯಯನ ತೋರಿಸಿತು. ಅದರ ಮುಂದಾಳು ಜೆನ್ನಿಫರ್ ಸ್ಲೀಪ್ ಸ್ವತಃ ಮಿಡ್‌ವೈಫ್ ಆಗಿದ್ದರು. ಹೆರಿಗೆಯ ಪ್ರಗತಿಯನ್ನು ಗುರುತಿಸುವ ನಕ್ಷೆಯಾದ ಪಾರ್ಟೋಗ್ರಾಫ್‌ನ ಕಥೆ ಇನ್ನೂ ದೀರ್ಘವಾದುದು. ಗರ್ಭಕಂಠ ಗಂಟೆಗೆ 1 ಸೆಂಟಿಮೀಟರಿನಂತೆ ಹಿಗ್ಗಬೇಕೆಂಬ ಎಚ್ಚರಿಕೆಯ ಗೆರೆಯನ್ನು ಆ ನಕ್ಷೆಯಲ್ಲಿ 1972ರಲ್ಲಿ ವೈದ್ಯರಾದ ಫಿಲ್ಪಾಟ್ ಮತ್ತು ಕ್ಯಾಸಲ್ ಸೂಚಿಸಿದರು. ವಿದ್ಯಾರ್ಥಿನಿಯರ ತಲೆಮಾರುಗಳು ಕಲಿತ ಆ ವೇಗ ಕೆಲವು ಮಹಿಳೆಯರ ಮಟ್ಟಿಗೆ ಅವಾಸ್ತವವೆಂದು ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಹೇಳಿತು. ಆ ನಡುವಿನ ವರ್ಷಗಳಲ್ಲಿ ಗೆರೆ ದಾಟಿದರೂ ತಾಯಿ ಮತ್ತು ಮಗು ಸುಸ್ಥಿತಿಯಲ್ಲಿರುವುದನ್ನು ಗಮನಿಸಿ, ಕಾಯೋಣವೇ ಎಂದು ಕೇಳಿದ ವಿದ್ಯಾರ್ಥಿನಿಗೆ ಯಾವ ಪರೀಕ್ಷೆ ಅಂಕ ಕೊಡುತ್ತಿತ್ತು?

ಲಭ್ಯವಿದ್ದ ಅಳತೆಗೋಲುಗಳೆಲ್ಲ ಬೇರೆ ಕ್ಷೇತ್ರದವು. ವ್ಯಾಟ್ಸನ್–ಗ್ಲೇಸರ್ ಪರೀಕ್ಷೆ ಅನುಮಾನ (ಸುಳಿವಿನಿಂದ ತೀರ್ಮಾನಕ್ಕೆ ಬರುವುದು), ಪೂರ್ವಗ್ರಹೀತಗಳ ಗುರುತಿಸುವಿಕೆ, ನಿಗಮನ (ಕೊಟ್ಟ ಹೇಳಿಕೆಗಳಿಂದ ಖಚಿತವಾಗಿ ಹೊರಡುವ ತೀರ್ಮಾನ), ಅರ್ಥೈಸುವಿಕೆ, ವಾದದ ಮೌಲ್ಯಮಾಪನ ಎಂಬ ಐದು ಭಾಗಗಳಲ್ಲಿ ತರ್ಕಶಕ್ತಿಯನ್ನು ಅಳೆಯುತ್ತದೆ. 1990ರಲ್ಲಿ ಅಮೆರಿಕದ ತತ್ತ್ವಶಾಸ್ತ್ರಜ್ಞ ಪೀಟರ್ ಫೇಸಿಯೋನ್ 46 ಪರಿಣತರ ಅಭಿಪ್ರಾಯಗಳನ್ನು ಕ್ರೋಡೀಕರಿಸಿ ವಿಮರ್ಶಾತ್ಮಕ ಚಿಂತನೆಗೆ ಒಂದು ವ್ಯಾಖ್ಯೆ ರೂಪಿಸಿದರು. ಅವರದೇ ಕ್ಯಾಲಿಫೋರ್ನಿಯಾ ಪರೀಕ್ಷೆ ನರ್ಸಿಂಗ್ ಕಾಲೇಜುಗಳಲ್ಲಿ ವ್ಯಾಪಕವಾಗಿ ಬಳಕೆಗೆ ಬಂತು. ಇವು ಕಳಪೆ ಪರೀಕ್ಷೆಗಳೇನಲ್ಲ. ಆದರೆ ನೋವು ತಿನ್ನುತ್ತಿರುವ ಹೆಂಗಸಿನ ಇಚ್ಛೆ, ಮನೆಯವರ ಆತಂಕ, ಹಿರಿಯ ಸಿಬ್ಬಂದಿಯ ಒತ್ತಡ ಇವೆಲ್ಲ ಸೇರಿದ ತೀರ್ಮಾನವನ್ನು ಬಹು ಆಯ್ಕೆಯ ಪ್ರಶ್ನೆ ಹಿಡಿಯಲಾರದು.

ಆಸ್ಟ್ರೇಲಿಯಾದ ಗ್ರಿಫಿತ್ ವಿಶ್ವವಿದ್ಯಾಲಯದ ಅಮಾಂಡಾ ಕಾರ್ಟರ್ ಮತ್ತು ಸಹೋದ್ಯೋಗಿಗಳು ಕಳೆದ ದಶಕದಲ್ಲಿ ಈ ಕೊರತೆಯನ್ನೇ ಕೈಗೆತ್ತಿಕೊಂಡರು. ಹಳೆಯ ಸಾಧನಗಳನ್ನು ಪರಿಶೀಲಿಸಿದ ಬಳಿಕ ಅವರು ಮಿಡ್‌ವೈಫರಿಗೆಂದೇ ಮಾಪನಗಳನ್ನು ಸಿದ್ಧಪಡಿಸಿದರು: ವಾರ್ಡಿನಲ್ಲಿ ಜೊತೆಗಿದ್ದು ಕಲಿಸುವ ಹಿರಿಯ ಮಿಡ್‌ವೈಫ್ ಕೊಡುವ ಅಂಕ, ವಿದ್ಯಾರ್ಥಿನಿ ತನಗೆ ತಾನೇ ಕೊಟ್ಟುಕೊಳ್ಳುವ ಅಂಕ, ಮತ್ತು ನಡೆಸಿದ ಆರೈಕೆಯ ಕುರಿತು ಆಕೆ ಬರೆದ ಚಿಂತನ ಬರಹದ ಮೌಲ್ಯಮಾಪನ. ಒಂದೇ ಕಣ್ಣನ್ನು ನಂಬದಿರುವುದು ಈ ಕ್ರಮದ ಜಾಣತನವೆಂದು ನನಗೆ ತೋರುತ್ತದೆ. ಆದರೂ ಬರವಣಿಗೆ ಚೆನ್ನಾಗಿದ್ದವಳ ಚಿಂತನೆಯೂ ಚೆನ್ನಾಗಿ ಕಾಣುವ ಅಪಾಯ ಉಳಿದೇ ಇದೆ. ಹಳೆಯ ರೂಢಿಗೆ ಒಗ್ಗಿಹೋದ ಹಿರಿಯರು ಪ್ರಶ್ನೆ ಕೇಳುವವಳನ್ನು ಉದ್ಧಟಳೆಂದು ಎಣಿಸುವ ಸಾಧ್ಯತೆಯೂ ಇಲ್ಲದಿಲ್ಲ.

ಭಾರತಕ್ಕೆ ಈ ಪ್ರಶ್ನೆ ಈಗ ಹತ್ತಿರದ್ದಾಗಿದೆ. 2018ರ ಕೇಂದ್ರ ಮಾರ್ಗಸೂಚಿಯು ನರ್ಸ್ ಪ್ರಾಕ್ಟಿಷನರ್ ಇನ್ ಮಿಡ್‌ವೈಫರಿ ಎಂಬ ಹೊಸ ಹುದ್ದೆಯನ್ನೂ ಅದಕ್ಕೆ 18 ತಿಂಗಳ ತರಬೇತಿಯನ್ನೂ ರೂಪಿಸಿತು. ಸಹಜ ಹೆರಿಗೆಯ ಹೊಣೆಯನ್ನು ಸ್ವತಂತ್ರವಾಗಿ ಹೊರಬೇಕಾದವರಿಗೆ ಎಷ್ಟು ಹೆರಿಗೆ ಮಾಡಿಸಿದಿರಿ ಎಂಬ ಕೇಸ್ ಬುಕ್ಕಿನ ಲೆಕ್ಕವೊಂದೇ ಸಾಲದು. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೊರತಂದ ಹೆರಿಗೆ ಆರೈಕೆಯ ಹೊಸ ನಮೂನೆಯಲ್ಲಿ ಸ್ಥಿತಿಯ ಅಂದಾಜು ಮತ್ತು ಮುಂದಿನ ಯೋಜನೆಯನ್ನು ಬರೆಯಲು ಪ್ರತ್ಯೇಕ ಜಾಗವಿದೆ, ಅಂದರೆ ವಿದ್ಯಾರ್ಥಿನಿಯ ತರ್ಕ ಅಲ್ಲೇ ಕಾಗದಕ್ಕಿಳಿಯುತ್ತದೆ. ಅದನ್ನು ಓದಿ, ಹೀಗೇಕೆ ಬರೆದೆ ಎಂದು ಕೇಳಲು ಬೋಧಕಿಗೆ ಬಿಡುವಿರಬೇಕು. ಹಾಸಿಗೆಗಳು ಸದಾ ತುಂಬಿರುವ ನಮ್ಮ ಸರ್ಕಾರಿ ಆಸ್ಪತ್ರೆಗಳ ಹೆರಿಗೆ ವಾರ್ಡುಗಳಲ್ಲಿ ಎಲ್ಲಕ್ಕಿಂತ ಮೊದಲು ಕೊರತೆ ಬೀಳುವುದು ಆ ಬಿಡುವಿಗೇ.