ಆರ್ಟಿಫ್ಯಾಕ್ಟ್: ಮೂಳೆಯ ಸ್ಲೈಡಿನಲ್ಲಿ ಬರಬಾರದ ಬಣ್ಣ ಬಂದಾಗ

ಬಳ್ಳಾರಿಯಲ್ಲಿ ಆರ್ಟಿಫ್ಯಾಕ್ಟ್ ಅಂದರೆ ಮೊದಲು ನೆನಪಾಗುವುದು ಸಂಗನಕಲ್ಲು. ಅಲ್ಲಿನ ಗುಡ್ಡದಲ್ಲಿ ಹೊಸ ಶಿಲಾಯುಗದ ಜನ ಕೆತ್ತಿದ ಕಲ್ಲುಕೊಡಲಿಗಳು ಸಿಕ್ಕಿವೆ. ಮನುಷ್ಯನ ಕೈ ಮಾಡಿದ್ದು, ಅದಕ್ಕೇ ಅದಕ್ಕೆ ಬೆಲೆ. ಪ್ಯಾಥಾಲಜಿ ಲ್ಯಾಬಿನಲ್ಲೂ ಇದೇ ಪದ ಇದೆ, ಅರ್ಥವೂ ಅದೇ, ಮನುಷ್ಯನ ಕೈ ಮಾಡಿದ್ದು. ಆದರೆ ಅಲ್ಲಿ ಸಿಕ್ಕರೆ ಮ್ಯೂಸಿಯಮ್ಮಿಗೆ ಹೋಗುತ್ತದೆ, ಇಲ್ಲಿ ಸಿಕ್ಕರೆ ನಾವು ತಲೆ ಮೇಲೆ ಕೈ ಹೊತ್ತು ಕೂರುತ್ತೇವೆ. ರೋಗಿಯ ಮೂಳೆಯಲ್ಲಿ ಇಲ್ಲದೆ, ನಾವು ಅದನ್ನು ಕೊಯ್ದು, ನೆನೆಸಿ, ಬಣ್ಣ ಹಾಕುವ ದಾರಿಯಲ್ಲಿ ಹುಟ್ಟಿಕೊಂಡದ್ದೆಲ್ಲ ಆರ್ಟಿಫ್ಯಾಕ್ಟ್.

ಬೇರೆ ಅಂಗಗಳಿಗಿಂತ ಮೂಳೆಯಲ್ಲಿ ಇದರ ಕಾಟ ಜಾಸ್ತಿ. ಮೂಳೆಯ ತೂಕದಲ್ಲಿ ಸುಮಾರು ಮೂರನೇ ಎರಡು ಭಾಗ ಕ್ಯಾಲ್ಸಿಯಂ ಲವಣ. ಹಾಗೇ ಇಟ್ಟರೆ ತೆಳು ಹೋಳು ಕೊಯ್ಯುವ ಯಂತ್ರ ಮೈಕ್ರೋಟೋಮಿನ ಬ್ಲೇಡಿನ ಬಾಯಿ ಹೋಗುತ್ತದೆಯೇ ಹೊರತು 4–5 ಮೈಕ್ರಾನ್ ದಪ್ಪದ ಹೋಳು, ಅಂದರೆ ಸೆಕ್ಷನ್, ಬರಲ್ಲ. ಅದಕ್ಕೆ ಮೊದಲು ಫಾರ್ಮಲಿನ್‌ನಲ್ಲಿ ಇಟ್ಟು ಕೋಶಗಳು ಕೆಡದ ಹಾಗೆ ಮಾಡಿ, ಆಮೇಲೆ ಆಸಿಡ್‌ನಲ್ಲೋ ಇಡಿಟಿಎ ಅನ್ನುವ ರಾಸಾಯನಿಕದಲ್ಲೋ ಹಾಕಿ ಕ್ಯಾಲ್ಸಿಯಂ ತೆಗೆಯುತ್ತೇವೆ. ಲ್ಯಾಬಿನ ಮಾತಿನಲ್ಲಿ ಡೀಕ್ಯಾಲ್. ನೈಟ್ರಿಕ್ ಆಸಿಡ್ ಬೇಗ, ಫಾರ್ಮಿಕ್ ಆಸಿಡ್ ಸ್ವಲ್ಪ ನಿಧಾನ. ಇಡಿಟಿಎ ಅಂತೂ ವಾರಗಟ್ಟಲೆ ತೆಗೆದುಕೊಳ್ಳುತ್ತದೆ, ಆದರೆ ಕೋಶಗಳಿಗೆ ನೋವು ಮಾಡುವುದಿಲ್ಲ. ಮುಂದೆ ಡಿಎನ್‌ಎ ಟೆಸ್ಟ್ ಬೇಕಾಗಬಹುದು ಅನ್ನಿಸಿದರೆ ಇಡಿಟಿಎಯೇ ಸರಿ.

ಇನ್ನು ನಮ್ಮೂರ ಬಿಸಿಲು. ಪುಸ್ತಕದಲ್ಲಿ ಬರೆದ "ರೂಮ್ ಟೆಂಪರೇಚರ್" ಮೇ ತಿಂಗಳ ಬಳ್ಳಾರಿಯದ್ದಲ್ಲ. ಬಿಸಿ ಏರಿದಷ್ಟೂ ಆಸಿಡ್ ಚುರುಕಾಗುತ್ತದೆ. ಒಂದು ಮೇ ತಿಂಗಳಲ್ಲಿ ತೊಡೆಮೂಳೆಯ ಚೆಂಡಿನ ತುಂಡುಗಳನ್ನು ಶನಿವಾರ ನೈಟ್ರಿಕ್ ಆಸಿಡ್‌ಗೆ ಹಾಕಿದವನು ನಾನೇ, ಸೋಮವಾರದವರೆಗೆ ಮರೆತವನೂ ನಾನೇ. ಸ್ಲೈಡ್ ನೋಡಿದರೆ ಗುಲಾಬಿ, ಬರೀ ಗುಲಾಬಿ. ಸಾಮಾನ್ಯವಾಗಿ ಎಚ್ ಅಂಡ್ ಇ ಅನ್ನುವ ಎರಡು ಬಣ್ಣದ ಸ್ಟೇನಿನಲ್ಲಿ ಹೆಮಟಾಕ್ಸಿಲಿನ್ ಕೋಶದ ನ್ಯೂಕ್ಲಿಯಸ್ಸನ್ನು ನೀಲಿ ಮಾಡುತ್ತದೆ, ಇಯೋಸಿನ್ ಉಳಿದದ್ದನ್ನು ಗುಲಾಬಿ ಮಾಡುತ್ತದೆ. ಆಸಿಡ್ ಜಾಸ್ತಿ ಆದರೆ ನ್ಯೂಕ್ಲಿಯಸ್ಸಿನ ಡಿಎನ್‌ಎ ಒಡೆದುಹೋಗಿ ಹೆಮಟಾಕ್ಸಿಲಿನ್‌ಗೆ ಹಿಡಿಯಲು ಏನೂ ಉಳಿಯುವುದಿಲ್ಲ.

ಪಕ್ಕದಲ್ಲಿದ್ದ ಹೊಸ ಹುಡುಗ ಸ್ಲೈಡ್ ನೋಡಿ, "ಸರ್, ಮೂಳೆ ಸತ್ತೈತಿ ಅಲ್ರೀ?" ಅಂದ. ಅವನ ತಪ್ಪಿಲ್ಲ. ರಕ್ತ ಸಿಗದೆ ಮೂಳೆ ಸತ್ತಾಗ, ಅಂದರೆ ನೆಕ್ರೋಸಿಸ್‌ನಲ್ಲಿ, ಮೂಳೆಕೋಶಗಳು ಕೂರುವ ಗೂಡುಗಳು ಖಾಲಿ ಕಾಣುತ್ತವೆ ಅಂತ ಎಲ್ಲರೂ ಓದಿರುತ್ತಾರೆ. ಸೊಂಟದ ಆಪರೇಷನ್‌ನಲ್ಲಿ ತೆಗೆದ ತುಂಡು ಬೇರೆ, ಹಾಗಾಗಿ ಅನುಮಾನ ಬರುವುದು ಸಹಜ. ಆದರೆ ಗೂಡು ಖಾಲಿ ಇರುವುದು ಬೇರೆ, ಗೂಡಿನಲ್ಲಿ ಕೋಶ ಇದ್ದೂ ನೀಲಿ ಹಿಡಿಯದೆ ಇರುವುದು ಬೇರೆ. ದೊಡ್ಡ ಲೆನ್ಸ್ ಹಾಕಿ ನೋಡಿದರೆ ಮಸುಕು ಗುಲಾಬಿ ನೆರಳೊಂದು ಅಲ್ಲೇ ಕೂತಿರುತ್ತದೆ. ಇನ್ನೊಂದು ವಿಷಯ, ಸೆಕ್ಷನ್ ಅಷ್ಟು ತೆಳು ಇರುವಾಗ ಬ್ಲೇಡು ನ್ಯೂಕ್ಲಿಯಸ್ ತಪ್ಪಿಸಿ ಹೋಗುವುದೂ ಉಂಟು, ಹಾಗಾಗಿ ಅಲ್ಲೊಂದು ಇಲ್ಲೊಂದು ಗೂಡು ಖಾಲಿ ಕಂಡರೆ ಅದೇನೂ ಸುದ್ದಿಯಲ್ಲ.

ಹಾಗಾದರೆ ತೀರ್ಮಾನ ಹೇಗೆ? ಅದೇ ಸ್ಲೈಡಿನಲ್ಲಿ ಅಕ್ಕಪಕ್ಕ ನೋಡಬೇಕು. ಮಜ್ಜೆಯ ಕೋಶಗಳು, ರಕ್ತನಾಳದ ಗೋಡೆ, ಅಂಚಿನಲ್ಲಿ ಅಂಟಿಕೊಂಡು ಬಂದ ಮಾಂಸ. ಅವೂ ಎಲ್ಲ ಕಡೆ ಪೇಲವ ಆಗಿದ್ದರೆ ಆಸಿಡ್‌ನದೇ ಕೆಲಸ. ಅವು ಚೆನ್ನಾಗಿ ನೀಲಿಯಾಗಿದ್ದು, ಮೂಳೆಯ ಒಂದು ಪ್ರದೇಶದಲ್ಲಿ ಮಾತ್ರ ಸಾಲುಸಾಲು ಗೂಡು ಖಾಲಿ ಇದ್ದರೆ ಆಗ ರೋಗದ ಮಾತು. ನೆಕ್ರೋಸಿಸ್‌ನಲ್ಲಿ ಮಜ್ಜೆಯೂ ಸಾಯಬಹುದು, ಆದ್ದರಿಂದ ಮಜ್ಜೆ ಒಂದನ್ನೇ ನಂಬಬೇಡಿ, ಜೀವಂತ ಜಾಗದಿಂದ ಶುರು ಮಾಡಿ ಸತ್ತ ಜಾಗದ ಗಡಿಯವರೆಗೆ ನಡೆದುಕೊಂಡು ಬನ್ನಿ. ಆವತ್ತು ನಮ್ಮ ಸ್ಲೈಡಿನಲ್ಲಿ ಗಡಿಯೇ ಇರಲಿಲ್ಲ. ಪುಣ್ಯಕ್ಕೆ ಉಳಿದ ತುಂಡು ಫಾರ್ಮಲಿನ್‌ನಲ್ಲಿತ್ತು, ಮತ್ತೆ ಮಾಡಿದೆವು. ಕಳೆದುಹೋದ ನೀಲಿಯನ್ನು ಹೆಮಟಾಕ್ಸಿಲಿನ್‌ನಲ್ಲಿ ಎಷ್ಟು ಹೊತ್ತು ಇಟ್ಟರೂ ಪೂರ್ತಿ ವಾಪಸ್ ತರಲು ಆಗುವುದಿಲ್ಲ.

ಉಲ್ಟಾ ಆಗುವುದೂ ಇದೆ. ಡೀಕ್ಯಾಲ್ ಕಮ್ಮಿಯಾದರೆ ಉಳಿದ ಕ್ಯಾಲ್ಸಿಯಂ ಹೆಮಟಾಕ್ಸಿಲಿನ್ ಕುಡಿದು ಕಡು ನೇರಳೆಯಾಗುತ್ತದೆ, ಸೆಕ್ಷನ್ ಹರಿದಿರುತ್ತದೆ. ಗರಗಸದಲ್ಲಿ ಕೊಯ್ದಾಗ ಎದ್ದ ಮೂಳೆಪುಡಿ ಮಜ್ಜೆಯೊಳಗೆ ನುಗ್ಗಿ ನೀಲಿ ಚೂರುಗಳಾಗಿ ಕೂರುತ್ತದೆ. ಕಂದು-ಕಪ್ಪು ಪುಡಿ ಕಂಡರೆ ಹೆದರಬೇಡಿ, ಫಾರ್ಮಲಿನ್ ಹುಳಿಯಾಗಿ ರಕ್ತದ ಹಿಮೋಗ್ಲೋಬಿನ್ ಜೊತೆ ಸೇರಿ ಆದದ್ದು. ಬಫರ್ ಹಾಕಿ ಹುಳಿಯಾಗದ ಹಾಗೆ ಮಾಡಿದ ಫಾರ್ಮಲಿನ್ ಬಳಸಿದರೆ ಇದರ ಕಾಟ ತಪ್ಪುತ್ತದೆ.

ನೀರಿನ ಕಥೆ ನಮ್ಮ ಕಡೆಯದೇ. ಅರಿಶಿನಕ್ಕೆ ಸುಣ್ಣ ಹಾಕಿದರೆ ಆರತಿ ನೀರು ಕೆಂಪಾಗುತ್ತದಲ್ವಾ, ಹೆಮಟಾಕ್ಸಿಲಿನ್ ಕೂಡ ಅದೇ ಥರದ ಬಣ್ಣ. ಹುಳಿಯಲ್ಲಿ ಕೆಂಪು, ಸ್ವಲ್ಪ ಕ್ಷಾರದಲ್ಲಿ ನೀಲಿ. ಅದಕ್ಕೇ ಕೊನೆಗೆ ನಲ್ಲಿ ನೀರಿನಲ್ಲಿ ತೊಳೆದು "ಬ್ಲೂಯಿಂಗ್" ಮಾಡುವುದು. ರಾಯಚೂರು, ಕೊಪ್ಪಳದ ಗಡಸು ಬೋರ್ ನೀರಿಗೆ ಎಲ್ಲರೂ ಬೈಯುತ್ತಾರೆ, ಈ ಕೆಲಸಕ್ಕೆ ಅದು ಚಿನ್ನ. ಶುದ್ಧ ಇರಲಿ ಅಂತ ಆರ್‌ಒ ನೀರಿನಲ್ಲಿ ತೊಳೆದರೆ ಅದರಲ್ಲಿ ಕ್ಷಾರವೇ ಇಲ್ಲ, ನ್ಯೂಕ್ಲಿಯಸ್ ಕೆಂಪು ಕೆಂಪಾಗಿ ನಿಂತುಬಿಡುತ್ತದೆ.

ಅದೇ ನೀರಿನಿಂದ ಇನ್ನೊಂದು ಆತುರ ಹುಟ್ಟುತ್ತದೆ. ಮೂಳೆಯಲ್ಲಿ ಬಣ್ಣ ತೇಪೆ ತೇಪೆಯಾಗಿ ಬಂದರೆ "ಇದು ಫ್ಲೋರೈಡ್" ಅಂದುಬಿಡುವುದು. ನಮ್ಮ ಜಿಲ್ಲೆಗಳ ಕೆಲವು ಕಡೆ ನೀರಿನಲ್ಲಿ ಫ್ಲೋರೈಡ್ ಜಾಸ್ತಿ, ನಿಜ. ಆದರೆ ಫ್ಲೋರೈಡ್ ಕೂರುವುದು ಲವಣದಲ್ಲಿ, ಆ ಲವಣವನ್ನು ನಾವೇ ಆಸಿಡ್‌ನಲ್ಲಿ ಕರಗಿಸಿ ಚೆಲ್ಲಿದ್ದೇವೆ. ವಾನ್ ಕೊಸ್ಸಾ ಸ್ಟೇನ್ ಕೂಡ ಹಾಗೆ, ಬೆಳ್ಳಿ ನೈಟ್ರೇಟ್ ಲವಣದ ಫಾಸ್ಫೇಟ್ ಹಿಡಿದು ಕಪ್ಪಾಗಬೇಕು. ಡೀಕ್ಯಾಲ್ ಆದ ತುಂಡಿನ ಮೇಲೆ ಅದನ್ನು ಮಾಡಿ "ಕಪ್ಪು ಬರಲೇ ಇಲ್ಲ" ಅಂದರೆ, ಉಪ್ಪಿನಕಾಯಿ ತೊಳೆದು ತಿಂದು ಉಪ್ಪೇ ಇಲ್ಲ ಅಂದ ಹಾಗೆ. ಲವಣ ಎಷ್ಟು ಕೂತಿದೆ ಅಂತ ನೋಡಬೇಕಾದರೆ ಡೀಕ್ಯಾಲ್ ಮಾಡದೆ, ಪ್ಲಾಸ್ಟಿಕ್ ರಾಳದಲ್ಲಿ ಕೂರಿಸಿ ಕತ್ತರಿಸಬೇಕು.

ಹಾಗಂತ ವಿಚಿತ್ರ ಕಂಡದ್ದೆಲ್ಲ ಆರ್ಟಿಫ್ಯಾಕ್ಟ್ ಅಲ್ಲ. ಮಕ್ಕಳ ಮೂಳೆಯ ಬೆಳೆಯುವ ತುದಿಯಲ್ಲಿ ಗುಲಾಬಿ ಮೂಳೆಯ ನಟ್ಟನಡುವೆ ನೀಲಿ ತಿರುಳು ಕಾಣುತ್ತದೆ. ಅದು ಹಳೆಯ ಕಾರ್ಟಿಲೇಜ್ (ಮೆದುಮೂಳೆ), ಅದರ ಮೇಲೆಯೇ ಹೊಸ ಮೂಳೆ ಕಟ್ಟಿರುತ್ತದೆ. ನಾನು ಅದನ್ನು ಡೀಕ್ಯಾಲ್ ಸಾಲದು ಅಂತ ಮತ್ತೆ ಆಸಿಡ್‌ಗೆ ಹಾಕಿಸಿದ್ದೂ ಇದೆ, ಸುಮ್ನೆ.

1736ರಲ್ಲಿ ಲಂಡನ್ನಿನ ಸರ್ಜನ್ ಜಾನ್ ಬೆಲ್ಚಿಯರ್ ಬಟ್ಟೆಗೆ ಅಚ್ಚು ಹಾಕುವವನೊಬ್ಬನ ಮನೆಯಲ್ಲಿ ಊಟಕ್ಕೆ ಕೂತಾಗ ಹಂದಿಮಾಂಸದ ಮೂಳೆ ಕೆಂಪಾಗಿತ್ತು. ಆ ಹಂದಿಗಳು ತಿಂದದ್ದು ಮ್ಯಾಡರ್ ಬಣ್ಣ ಹತ್ತಿದ ತೌಡು. ಮ್ಯಾಡರ್ ಅಂದರೆ ನಮ್ಮ ಮಂಜಿಷ್ಠದ ಅಕ್ಕತಂಗಿ ಗಿಡ. ಅದರ ಬಣ್ಣ ಹೊಸದಾಗಿ ಕೂರುವ ಕ್ಯಾಲ್ಸಿಯಂ ಜೊತೆ ಸೇರಿಕೊಂಡಿತ್ತು, ಮೂಳೆ ಎಲ್ಲಿ ಬೆಳೆಯುತ್ತಿದೆ ಅಂತ ಅದೇ ಬರೆದಿಟ್ಟ ಹಾಗೆ. ಈಗ ಆ ಕೆಲಸಕ್ಕೆ ಟೆಟ್ರಾಸೈಕ್ಲಿನ್ ಮಾತ್ರೆ ಕೊಡುತ್ತಾರೆ, ಯುವಿ ಬೆಳಕಿನಲ್ಲಿ ಹಳದಿ ಗೆರೆ ಹೊಳೆಯುತ್ತದೆ. ಅಂಥ ಬಯಾಪ್ಸಿ ನಮ್ಮ ಕಡೆ ಬರುವುದು ಅಪರೂಪ. ಬಂದರೆ ಮಾತ್ರ ಬಾಟಲಿ ಮೇಲೆ ದಪ್ಪ ಅಕ್ಷರದಲ್ಲಿ ಬರೆದಿಡಿ, ಆಸಿಡ್ ಸೋಕಿದರೆ ಆ ಗೆರೆಯೂ ಹೋಗುತ್ತದೆ.