ಮೂರು ಟನ್ ಅಗೆದರೆ ಒಂದು ಟನ್

ಶಿವಮೊಗ್ಗದ ನಮ್ಮ ಭೂವಿಜ್ಞಾನ ಲ್ಯಾಬಿನ ಬೀರುವಿನಲ್ಲಿ ಕುದುರೆಮುಖದ ಕಲ್ಲೊಂದಿದೆ. ಮುಷ್ಟಿಯಷ್ಟೇ ಗಾತ್ರ, ಎತ್ತಿದರೆ ಕೈ ಜಗ್ಗುತ್ತದೆ. ಪಟ್ಟೆ ಪಟ್ಟೆ ಕಲ್ಲು. ಕಪ್ಪು ಪಟ್ಟೆ ಮ್ಯಾಗ್ನೆಟೈಟ್ ಎಂಬ ಕಬ್ಬಿಣದ ಖನಿಜ, ಕಾಂತ ಹಿಡಿದರೆ ಟಪ್ಪಂತ ಅಂಟುತ್ತದೆ. ಬಿಳಿ ಪಟ್ಟೆ ಬರೀ ಬೆಣಚು. ಕುದುರೆಮುಖದ ಕಬ್ಬಿಣದ ಗಣಿಯ ಕಥೆ ಹೇಳಬೇಕಾದಾಗ ನಾನು ಶುರು ಮಾಡುವುದು ಈ ಕಲ್ಲಿನಿಂದಲೇ.

ಸಂಡೂರಿನ ಒಳ್ಳೆಯ ಅದಿರಿನಲ್ಲಿ ಕಬ್ಬಿಣ ಶೇ 60ಕ್ಕಿಂತ ಜಾಸ್ತಿ. ಲಾರಿಗೆ ತುಂಬಿದರೆ ಆಯ್ತು. ಕುದುರೆಮುಖದ್ದು ಸುಮಾರು ಶೇ 38. ಭೂವಿಜ್ಞಾನಿ ಸಂಪತ್ ಅಯ್ಯಂಗಾರ್ 1913ರಲ್ಲೇ ಇಲ್ಲಿ ಅದಿರಿದೆ ಎಂದು ಗುರುತಿಸಿದ್ದರು. ಆದರೂ ಆರು ದಶಕ ಅಲ್ಲಿ ದೊಡ್ಡ ಗಣಿ ಏಳಲಿಲ್ಲ. ಕಾರಣ ಈ ಬಡ ಅದಿರು, ಜೊತೆಗೆ ಘಟ್ಟ ಮತ್ತು ಮಳೆ.

ಗಣಿಗೆ ದಾರಿ ಮಾಡಿದ್ದು ಇರಾನಿನ ದುಡ್ಡು. 1975ರಲ್ಲಿ ಒಪ್ಪಂದ, 1976ರಲ್ಲಿ ಸರ್ಕಾರಿ ಕಂಪನಿ, ವರ್ಷಕ್ಕೆ 75 ಲಕ್ಷ ಟನ್ ಅದಿರಿನ ಪುಡಿಯನ್ನು ಇರಾನಿಗೆ ಕಳಿಸುವ ಲೆಕ್ಕ. ಮಲ್ಲೇಶ್ವರ ಎಂಬ ಹಳ್ಳಿಯ ಜಾಗದಲ್ಲಿ ಕ್ವಾರ್ಟರ್ಸ್, ಶಾಲೆ, ಆಸ್ಪತ್ರೆ ಎದ್ದವು. ಅಷ್ಟರಲ್ಲಿ ಇರಾನಿನಲ್ಲಿ 1979ರ ಕ್ರಾಂತಿ. ಮಂಟಪ ಸಿದ್ಧ, ಗಂಡಿನ ಕಡೆಯವರೇ ಇಲ್ಲ! ಕಂಪನಿ ಬೇರೆ ಗಿರಾಕಿಗಳನ್ನು ಹುಡುಕಿಕೊಳ್ಳಬೇಕಾಯಿತು.

ಈಗ ಕೆಲಸದ ವಿಷಯ. ಕಲ್ಲನ್ನು ಹಿಟ್ಟಿನಂತೆ ಅರೆದು ಕಪ್ಪನ್ನು ಬಿಳಿಯಿಂದ ಬೇರೆ ಮಾಡಬೇಕು. ನಮ್ಮಜ್ಜಿ ಅಕ್ಕಿ ಕೇರುತ್ತಿದ್ದಳಲ್ಲ, ಅದೇ ಕೆಲಸ. ಇಲ್ಲಿ ಮೊರದ ಜಾಗದಲ್ಲಿ ಕಾಂತ. ಸುಮಾರು ಮೂರು ಟನ್ ಕಲ್ಲು ಅರೆದರೆ ಶೇ 67ರಷ್ಟು ಕಬ್ಬಿಣವಿರುವ ಪುಡಿ ಒಂದು ಟನ್ ಸಿಗುತ್ತಿತ್ತು. ಆ ಪುಡಿಯನ್ನು ನೀರಿನಲ್ಲಿ ಕಲಸಿ, 67 ಕಿಲೋಮೀಟರ್ ಕೊಳವೆಯಲ್ಲಿ ಘಟ್ಟ ಇಳಿಸಿ ಮಂಗಳೂರಿನ ಪಣಂಬೂರಿಗೆ ಕಳಿಸುತ್ತಿದ್ದರು. ಶೇಕಡಾ ಲೆಕ್ಕವೂ ಕೊಳವೆಯ ಉದ್ದವೂ ಒಂದೇ ಅಂಕಿ, ನನ್ನ ವಿದ್ಯಾರ್ಥಿಗಳು ಪರೀಕ್ಷೆಯಲ್ಲಿ ಅದಲುಬದಲು ಮಾಡಿದರೂ ಮಾರ್ಕ್ಸ್ ಸಿಗುತ್ತದೆ.

ಉಳಿದ ಎರಡು ಟನ್? ಅದು ಹೊಟ್ಟು. ಅದನ್ನು ತಡೆದಿಡಲು ಕಟ್ಟಿದ್ದೇ ಲಖ್ಯಾ ಡ್ಯಾಂ, ಸುಮಾರು 100 ಮೀಟರ್ ಎತ್ತರದ್ದು. ಪ್ರವಾಸಿಗರು ಅದನ್ನು ಕೆರೆ ಅಂದುಕೊಂಡು ಫೋಟೊ ತೆಗೆಯುತ್ತಾರೆ. ನೀರಿನ ಅಡಿಯಲ್ಲಿರುವುದು ಅರೆದ ಬೆಟ್ಟ.

ಜಗಳ ಶುರುವಾಗಿದ್ದೂ ಈ ಹೊಟ್ಟು, ಹೂಳಿನಿಂದಲೇ. ವರ್ಷಕ್ಕೆ ಏಳು ಸಾವಿರ ಮಿಲಿಮೀಟರ್ ಮಳೆ ಬೀಳುವ ಕಡೆ ಬೆಟ್ಟದ ಹುಲ್ಲುಹೊದಿಕೆ ಕಿತ್ತರೆ ಮಣ್ಣು ಹೋಗುವುದು ಭದ್ರೆಗೆ. ಭದ್ರೆ ಬರುವುದು ಲಕ್ಕವಳ್ಳಿಯ ಅಣೆಕಟ್ಟೆಗೆ. ಶಿವಮೊಗ್ಗ, ದಾವಣಗೆರೆ ಕಡೆಯ ಗದ್ದೆ ತೋಟಗಳಿಗೆ ಅದೇ ನೀರು ತಾನೇ? 1987ರಲ್ಲಿ ಸುತ್ತಲಿನ ಕಾಡು ರಾಷ್ಟ್ರೀಯ ಉದ್ಯಾನದ ಪಟ್ಟಿಗೆ ಸೇರಿತ್ತು. ನಾಗರಹೊಳೆಯಲ್ಲಿ ಅರಣ್ಯಾಧಿಕಾರಿಯಾಗಿದ್ದ ಕೆ.ಎಂ. ಚಿಣ್ಣಪ್ಪ ಅವರ ಅರ್ಜಿಯ ಮೇಲೆ 2002ರಲ್ಲಿ ಸುಪ್ರೀಂ ಕೋರ್ಟ್ ಗಣಿ ನಿಲ್ಲಿಸಬೇಕೆಂದು ತೀರ್ಪು ಕೊಟ್ಟಿತು. 2005ರ ಕೊನೆಗೆ ಗಣಿ ನಿಂತಿತು.

ಆ ತೀರ್ಪು ಸರಿ ಎಂದೇ ನನ್ನ ಅಭಿಪ್ರಾಯ. ಆದರೆ ಗಣಿಯ ನೆನಪನ್ನೂ ಅಳಿಸಬೇಕು ಅನ್ನುವವರ ಜೊತೆ ನಾನಿಲ್ಲ. ಬೆಟ್ಟದ ಹೆಸರು, ಸಿಂಗಳೀಕದ ಚಿತ್ರ ಉದ್ಯಾನದ ಬೋರ್ಡಿನ ಮೇಲೆ ಇರಲಿ. ಡ್ಯಾಂ ಪಕ್ಕದಲ್ಲಿ ಈ ಮೂರಕ್ಕೊಂದರ ಲೆಕ್ಕವನ್ನೂ ಬರೆದು, ಒಂದು ಪಟ್ಟೆ ಕಲ್ಲು ಇಟ್ಟು, ದಾರ ಕಟ್ಟಿದ ಕಾಂತ ನೇತುಹಾಕಲಿ. ಕಾಂತ ಬೇಕಾದರೆ ನಾನೇ ಕೊಡುತ್ತೇನೆ.