ನೆಕ್ ಪಿಕಪ್ ಆರಿಸುವಾಗ ಓಮ್ ಲೆಕ್ಕವೊಂದೇ ಸಾಲದು

ಹಾಸನದಲ್ಲಿ ಗಿಟಾರ್ ರಿಪೇರಿ ಮತ್ತು ಸೆಟಪ್ ಕೆಲಸ ಮಾಡುವ ನನ್ನ ಬಳಿಗೆ ಬರುವ ಎಲೆಕ್ಟ್ರಿಕ್ ಗಿಟಾರ್‌ಗಳಲ್ಲಿ ಹೆಚ್ಚಿನವು ರಸಮಂಜರಿ ತಂಡಗಳವು. ಉಳಿದವು ಚರ್ಚ್‌ಗಳಲ್ಲಿ ನುಡಿಸುವ ಹುಡುಗರವು ಮತ್ತು ಸಕಲೇಶಪುರ, ಮೂಡಿಗೆರೆ ಕಡೆಯ ತೋಟದ ಮನೆಗಳಲ್ಲಿ ಹವ್ಯಾಸಕ್ಕಾಗಿ ನುಡಿಸುವವರವು. ವಾದ್ಯ ಯಾವುದಾದರೂ ಇರಲಿ, ದೂರು ಮಾತ್ರ ಸಾಮಾನ್ಯವಾಗಿ ಒಂದೇ: ಬ್ರಿಜ್ ಪಿಕಪ್‌ನಲ್ಲಿ (ತಂತಿಯ ಕಂಪನವನ್ನು ವಿದ್ಯುತ್ ಸಂಕೇತವಾಗಿಸುವ ಸಾಧನವೇ ಪಿಕಪ್; ಬ್ರಿಜ್ ಎಂದರೆ ಗಿಟಾರ್ ದೇಹದ ಮೇಲೆ ತಂತಿಗಳು ಕೂರುವ ತುದಿ) ನುಡಿಸಿದರೆ ಕಿವಿಗೆ ಚುಚ್ಚುತ್ತದೆ, ಕತ್ತಿನ ಬಳಿಯ ನೆಕ್ ಪಿಕಪ್‌ಗೆ ಹೊರಳಿಸಿದರೆ ನಾದ ತುಂಬಿಕೊಳ್ಳುತ್ತದೆ, ಆದರೆ "ಎಲ್ಲಾ ಕಲಸ್ಕೊಂಡು ಬರುತ್ತೆ ಸರ್, ಒಂದೊಂದು ತಂತಿ ಬಿಡಿಸಿ ಕೇಳಲ್ಲ." ಹೀಗೆ ಹೇಳುವವರಲ್ಲಿ ಬಹುತೇಕರು ಇನ್ನೂ ಹೆಚ್ಚು ಶಕ್ತಿಯ ಪಿಕಪ್ ಹಾಕಿಸಬೇಕೆಂದು ತೀರ್ಮಾನಿಸಿಕೊಂಡೇ ಬಂದಿರುತ್ತಾರೆ. ನೆಕ್ ಸ್ಥಾನದ ಮಟ್ಟಿಗೆ ಆ ತೀರ್ಮಾನ ಬಹುಪಾಲು ಸಂದರ್ಭಗಳಲ್ಲಿ ತಿರುಗುಮುರುಗಾದದ್ದು ಎಂಬುದು ನನ್ನ ಅಭಿಪ್ರಾಯ. ಮೃದುವಾಗಿಯೂ ಸ್ಪಷ್ಟವಾಗಿಯೂ ಇರಬೇಕಾದ ನೆಕ್ ಪಿಕಪ್ ಕಡಿಮೆ ಸುತ್ತಿನದಾಗಿರಬೇಕು (ಅಂದರೆ ಅದರೊಳಗಿನ ತಾಮ್ರದ ತಂತಿಯ ಸುತ್ತುಗಳು ಕಡಿಮೆ ಇರಬೇಕು), ಗಿಟಾರ್ ತಂತಿಯಿಂದ ಸ್ವಲ್ಪ ದೂರವೇ ಕುಳಿತಿರಬೇಕು.

ಕಾರಣವನ್ನು ತಂತಿಯಿಂದಲೇ ಆರಂಭಿಸಬೇಕು. ಮೀಟಿದ ತಂತಿ ತನ್ನ ಪೂರ್ಣ ಉದ್ದದಲ್ಲಿ ಕಂಪಿಸುತ್ತಾ ಮೂಲಸ್ವರವನ್ನು ಕೊಡುತ್ತದೆ. ಅದೇ ಹೊತ್ತಿಗೆ ಅರ್ಧ, ಮೂರನೆಯ ಒಂದು, ನಾಲ್ಕನೆಯ ಒಂದು ಭಾಗಗಳಾಗಿಯೂ ಕಂಪಿಸುತ್ತಾ ಅನುಸ್ವರಗಳನ್ನು ಹೊರಡಿಸುತ್ತದೆ. ಇಪ್ಪತ್ತೆರಡು ಫ್ರೆಟ್‌ಗಳ (ಕತ್ತಿನ ಮೇಲಿನ ಲೋಹದ ಅಡ್ಡಪಟ್ಟಿಗಳ) ಗಿಟಾರ್‌ನಲ್ಲಿ ನೆಕ್ ಪಿಕಪ್ ಇರುವುದು ಇಪ್ಪತ್ನಾಲ್ಕನೆಯ ಫ್ರೆಟ್ ಇರಬೇಕಾಗಿದ್ದ ಜಾಗದ ಆಸುಪಾಸಿನಲ್ಲಿ, ಅಂದರೆ ಬ್ರಿಜ್‌ನಿಂದ ತಂತಿಯ ಉದ್ದದ ಸರಿಸುಮಾರು ಕಾಲು ಭಾಗದಷ್ಟು ದೂರದಲ್ಲಿ. ಅಲ್ಲಿ ಮೂಲಸ್ವರದ ತೂಗಾಟ ದೊಡ್ಡದು. ತೆರೆದ (ಯಾವ ಫ್ರೆಟ್‌ನಲ್ಲೂ ಒತ್ತದ) ತಂತಿಯ ನಾಲ್ಕನೆಯ ಅನುಸ್ವರ ಅದೇ ಬಿಂದುವಿನಲ್ಲಿ ನಿಶ್ಚಲವಾಗಿರುವುದರಿಂದ ಅದು ಪಿಕಪ್‌ಗೆ ಸಿಗುವುದೇ ಇಲ್ಲ. ಬ್ರಿಜ್ ಬಳಿ ಇದಕ್ಕೆ ವಿರುದ್ಧವಾಗಿ ಮೂಲಸ್ವರದ ತೂಗಾಟ ಬಹಳ ಚಿಕ್ಕದು, ಮೇಲಿನ ಅನುಸ್ವರಗಳ ಪಾಲು ಹೆಚ್ಚು. ನೆಕ್ ಪಿಕಪ್‌ನ ಮೃದುತ್ವ ಬರುವುದು ಆ ಜಾಗದಿಂದಲೇ. ಅದನ್ನು ದುಡ್ಡು ಕೊಟ್ಟು ಕೊಳ್ಳಬೇಕಾಗಿಲ್ಲ. ಕೊಳ್ಳಬೇಕಾಗಿರುವುದು ಸ್ಪಷ್ಟತೆಯನ್ನು. ಇಪ್ಪತ್ನಾಲ್ಕು ಫ್ರೆಟ್‌ಗಳಿರುವ ಗಿಟಾರ್‌ಗಳಲ್ಲಿ ನೆಕ್ ಪಿಕಪ್ ಒಂದೆರಡು ಸೆಂಟಿಮೀಟರ್ ಬ್ರಿಜ್ ಕಡೆಗೆ ಸರಿದಿರುವುದರಿಂದ ಅವುಗಳಲ್ಲಿ ಈ ತೊಂದರೆ ಸ್ವಲ್ಪ ಕಡಿಮೆ.

ಸ್ಪಷ್ಟತೆಯನ್ನು ನಿರ್ಧರಿಸುವುದು ಪಿಕಪ್‌ನ ಅನುರಣನ ಆವರ್ತನ. ಅಯಸ್ಕಾಂತದ ಸುತ್ತ ಸಾವಿರಾರು ಬಾರಿ ಸುತ್ತಿದ ತಾಮ್ರದ ತಂತಿಗೆ ಇಂಡಕ್ಟೆನ್ಸ್ ಇರುತ್ತದೆ, ಅದನ್ನು ಹೆನ್ರಿಗಳಲ್ಲಿ ಅಳೆಯುತ್ತಾರೆ. ಪಿಕಪ್‌ನಿಂದ ಆಂಪ್ಲಿಫೈಯರ್‌ವರೆಗಿನ ಕೇಬಲ್‌ಗೆ ಕೆಪಾಸಿಟೆನ್ಸ್ ಇರುತ್ತದೆ. ಇವೆರಡೂ ಸೇರಿ ಒಂದು ನಿರ್ದಿಷ್ಟ ಆವರ್ತನದಲ್ಲಿ ಧ್ವನಿಯನ್ನು ಎತ್ತಿ ಹಿಡಿದು, ಅದರ ಮೇಲಿನದನ್ನೆಲ್ಲ ಬೇಗನೆ ಕತ್ತರಿಸಿಹಾಕುತ್ತವೆ. ಕೇಬಲ್ ಮತ್ತು ಒಳಗಿನ ವೈರಿಂಗ್ ಸೇರಿ 600 ಪಿಕೋಫ್ಯಾರಡ್ ಎಂದು ಹಿಡಿದು ಲೆಕ್ಕ ಹಾಕೋಣ. ಸುಮಾರು 2.3 ಹೆನ್ರಿಯ ಸಾಂಪ್ರದಾಯಿಕ ಸ್ಟ್ರಾಟ್ (ಸ್ಟ್ರಾಟೋಕಾಸ್ಟರ್ ಗಿಟಾರ್) ಸಿಂಗಲ್ ಕಾಯಿಲ್‌ನ, ಅಂದರೆ ಒಂದೇ ಸುರುಳಿಯ ಪಿಕಪ್‌ನ, ಶಿಖರ 4300 ಹರ್ಟ್ಸ್ ಹತ್ತಿರ ಬೀಳುತ್ತದೆ, 4.4 ಹೆನ್ರಿಯ ಹಳೆಯ ಶೈಲಿಯ ಹಂಬಕರ್‌ನದು (ಹೊರಗಿನ ವಿದ್ಯುತ್ತಿನ ಗುಂಯ್ಗುಡುವಿಕೆ ಅಳಿಸಲು ಎರಡು ಸುರುಳಿ ಜೋಡಿಸಿದ ಪಿಕಪ್) 3100ರ ಹತ್ತಿರ. 8 ಹೆನ್ರಿಯ ಹೆಚ್ಚು ಸುತ್ತಿನ ಹಂಬಕರ್‌ನದು 2300ಕ್ಕೆ ಇಳಿಯುತ್ತದೆ. ಮೀಟಿದ ಕ್ಷಣದ ಕಿಡಿ, ತಂತಿಯ ಲೋಹದ ನುಡಿ, ಕಾರ್ಡ್‌ನೊಳಗಿನ ಸ್ವರಗಳನ್ನು ಬೇರ್ಪಡಿಸಿ ತೋರುವ ಗೆರೆ, ಇವೆಲ್ಲ ಬಹುಮಟ್ಟಿಗೆ 2000ದಿಂದ 4000 ಹರ್ಟ್ಸ್‌ಗಳ ನಡುವೆ ಇರುತ್ತವೆ. ಮೊದಲೇ ಮೂಲಸ್ವರ ತುಂಬಿ ತುಳುಕುವ ಜಾಗದಲ್ಲಿ ಆ ಪಟ್ಟಿಯನ್ನೂ ಕತ್ತರಿಸುವ ಪಿಕಪ್ ಕೂರಿಸಿದರೆ ಉಳಿಯುವುದು ಗುಂಯ್ ಎನ್ನುವ ಮಂಕು ನಾದವಷ್ಟೇ.

ದುರದೃಷ್ಟವಶಾತ್ ಪಿಕಪ್ ಡಬ್ಬಿಯ ಮೇಲೆ ಎದ್ದು ಕಾಣುವಂತೆ ಅಚ್ಚಾಗಿರುವುದು ಹೆನ್ರಿಯಲ್ಲ, ಸುರುಳಿಯ ವಿದ್ಯುತ್ ರೋಧವನ್ನು ಹೇಳುವ ಕಿಲೋ ಓಮ್. ಓಮ್ ಹೆಚ್ಚಿದ್ದರೆ ಪಿಕಪ್ ಜೋರು ಎಂಬ ನಂಬಿಕೆ ಒಂದೇ ವಿನ್ಯಾಸದ, ಒಂದೇ ದಪ್ಪದ ತಂತಿಯ ಎರಡು ಪಿಕಪ್‌ಗಳನ್ನು ಹೋಲಿಸುವಾಗ ಮಾತ್ರ ನಿಲ್ಲುತ್ತದೆ. ಸ್ಟ್ರಾಟೋಕಾಸ್ಟರ್ ಪಿಕಪ್‌ಗೆ 42 ಗೇಜ್ ತಂತಿಯನ್ನೂ ಟೆಲಿಕಾಸ್ಟರ್‌ನ ನೆಕ್ ಪಿಕಪ್‌ಗೆ ಅದಕ್ಕಿಂತ ತೆಳುವಾದ 43 ಗೇಜ್ ತಂತಿಯನ್ನೂ ಸುತ್ತುವುದು ಹಳೆಯ ರೂಢಿ. ಸುತ್ತುಗಳ ಸಂಖ್ಯೆ ಹೆಚ್ಚುಕಡಿಮೆ ಸಮವಾಗಿದ್ದರೂ ಮೊದಲನೆಯದು 6 ಕಿಲೋ ಓಮ್ ಆಸುಪಾಸಿನಲ್ಲಿ ನಿಂತರೆ ಎರಡನೆಯದು 7ನ್ನು ದಾಟುತ್ತದೆ, ಆದರೆ ಎರಡನೆಯದು ಮೊದಲನೆಯದಕ್ಕಿಂತ ಜೋರಲ್ಲ. ಇದರ ಜೊತೆಗೆ ತಾಮ್ರದ ರೋಧವು ಪ್ರತಿ ಡಿಗ್ರಿ ಸೆಲ್ಸಿಯಸ್‌ಗೆ ಸುಮಾರು 0.39 ಶೇಕಡಾ ಏರುತ್ತದೆ. ಚಿಕ್ಕಮಗಳೂರಿನ ಡಿಸೆಂಬರ್ ಮುಂಜಾನೆ 15 ಡಿಗ್ರಿಯಲ್ಲಿ 8 ಕಿಲೋ ಓಮ್ ತೋರಿಸಿದ ಪಿಕಪ್ ಏಪ್ರಿಲ್ ಮಧ್ಯಾಹ್ನದ 30 ಡಿಗ್ರಿಯಲ್ಲಿ 8.5ರ ಹತ್ತಿರ ತೋರಿಸುತ್ತದೆ. ಅರ್ಧ ಕಿಲೋ ಓಮ್ ವ್ಯತ್ಯಾಸಕ್ಕಾಗಿ ಅಂಗಡಿಯವರೊಡನೆ ವಾದಿಸುವವರು ಇದನ್ನು ನೆನಪಿಟ್ಟುಕೊಳ್ಳುವುದು ಒಳ್ಳೆಯದು. ತಯಾರಕರ ತಾಂತ್ರಿಕ ವಿವರಗಳಲ್ಲಿ ಇಂಡಕ್ಟೆನ್ಸ್ ಕೊಟ್ಟಿದ್ದರೆ ಮೊದಲು ಅದನ್ನು ನೋಡಿ. ನೆಕ್ ಹಂಬಕರ್‌ಗೆ 4ರಿಂದ 4.5 ಹೆನ್ರಿ ನನ್ನ ಆಯ್ಕೆಯ ಮಿತಿ. 5ನ್ನು ದಾಟಿದರೆ ನಾನು ಬೇಡವೆನ್ನುತ್ತೇನೆ.

ಈ ಮಿತಿ ನಾನು ಹೊಸದಾಗಿ ಕಂಡುಕೊಂಡದ್ದಲ್ಲ. ಗಿಬ್ಸನ್ ಸಂಸ್ಥೆಯ ಇಂಜಿನಿಯರ್ ಸೇತ್ ಲವರ್ ಹಂಬಕರ್ ವಿನ್ಯಾಸದ ಪೇಟೆಂಟ್‌ಗೆ 1955ರಲ್ಲಿ ಅರ್ಜಿ ಸಲ್ಲಿಸಿದರು, ಅದು ಮಂಜೂರಾದದ್ದು 1959ರಲ್ಲಿ. ಪೇಟೆಂಟ್‌ಗೆ ಅರ್ಜಿ ಹಾಕಲಾಗಿದೆ ಎಂಬ ಚೀಟಿ ಅಂಟಿಸಿಕೊಂಡು ಬಂದ ಆ ಕಾಲದ ಪಿಕಪ್‌ಗಳಿಗೆ ಇಂದಿಗೂ ಪಿಎಎಫ್ ಎಂದೇ ಹೆಸರು. ಅವು ಸುಮಾರು 7ರಿಂದ 9 ಕಿಲೋ ಓಮ್‌ವರೆಗೆ ಏರುಪೇರಾಗಿ ಬಂದವು, ಎರಡು ಕಾಯಿಲ್‌ಗಳ ಸುತ್ತುಗಳೂ ಎಷ್ಟೋ ವೇಳೆ ಸಮವಾಗಿರುತ್ತಿರಲಿಲ್ಲ. ಆ ಅಸಮತೆಯಿಂದ ಗುಂಯ್ಗುಡುವಿಕೆ ಪೂರ್ತಿ ಅಳಿಯದಿದ್ದರೂ ನಾದಕ್ಕೆ ಒಂದಿಷ್ಟು ತೆರವು ಸಿಗುತ್ತಿತ್ತು. ನೆಕ್ ಮತ್ತು ಬ್ರಿಜ್‌ಗೆ ಬೇರೆ ಬೇರೆ ಪಿಕಪ್ ಎಂಬ ಭೇದ ಆಗ ಇರಲಿಲ್ಲ. ಬ್ರಿಜ್ ಜಾಗದ ಕ್ಷೀಣತೆಯನ್ನು ತುಂಬಿಕೊಡಲು ಅಲ್ಲಿಯದನ್ನು ಹೆಚ್ಚು ಸುತ್ತುವ ಪದ್ಧತಿ ಬಂದದ್ದು ನಂತರ. ಹಾಗಾಗಿ ಬ್ರಿಜ್‌ಗೆಂದು ತಯಾರಾದ ಪಿಕಪ್ ಅರ್ಧ ಬೆಲೆಗೆ ಸಿಕ್ಕಿತೆಂದು ತಂದು ನೆಕ್‌ಗೆ ಹಾಕಿಸುವ ಯೋಚನೆಯನ್ನು ಬಿಟ್ಟುಬಿಡಿ.

ಸಿಂಗಲ್ ಕಾಯಿಲ್‌ಗಳು ಸ್ಪಷ್ಟತೆಯಲ್ಲಿ ಮುಂದು ಎಂಬುದರಲ್ಲಿ ಅನುಮಾನವಿಲ್ಲ. ಸ್ಟ್ರಾಟ್‌ನ ನೆಕ್ ಪಿಕಪ್‌ನಷ್ಟು ಸುಲಭವಾಗಿ ಮೃದುತ್ವ ಮತ್ತು ಬಿಡಿಬಿಡಿ ಸ್ವರ ಎರಡನ್ನೂ ಕೊಡುವ ಮತ್ತೊಂದನ್ನು ನಾನು ಕೇಳಿಲ್ಲ. 1946ರಲ್ಲಿ ಬಂದ ಗಿಬ್ಸನ್‌ನ ಸಿಂಗಲ್ ಕಾಯಿಲ್ ಪಿ-90 ಅದಕ್ಕಿಂತ ಗಡುಸು, ಮಧ್ಯಮ ಆವರ್ತನಗಳಲ್ಲಿ ದಪ್ಪ. ಆದರೆ ನಮ್ಮ ಕಡೆಯ ವೇದಿಕೆಗಳನ್ನು ಮರೆಯುವಂತಿಲ್ಲ. ಗಣೇಶೋತ್ಸವದ ಪೆಂಡಾಲಿನಲ್ಲಿ ಗಿಟಾರ್ ವಾದಕನ ತಲೆಯ ಮೇಲೆಯೇ ಸೀರಿಯಲ್ ಸೆಟ್ ಮಿಣುಕುತ್ತಿರುತ್ತದೆ, ಹಿಂದೆ ಜನರೇಟರ್ ಓಡುತ್ತಿರುತ್ತದೆ, ಅರ್ಥಿಂಗ್ ಇದೆಯೋ ಇಲ್ಲವೋ ಶಾಮಿಯಾನದವರಿಗೇ ಗೊತ್ತಿರುವುದಿಲ್ಲ. ಅಲ್ಲಿ ಸಿಂಗಲ್ ಕಾಯಿಲ್ 50 ಹರ್ಟ್ಸ್‌ನ ಗುಂಯ್ಗುಡುವಿಕೆಯನ್ನೂ ಅದರ ಗುಣಕಗಳನ್ನೂ ಭಕ್ತಿಯಿಂದ ಹಿಡಿದು ಸ್ಪೀಕರ್‌ಗೆ ತಲುಪಿಸುತ್ತದೆ. ಮನೆಯಲ್ಲಿ ಅಥವಾ ವೈರಿಂಗ್ ಚೆನ್ನಾಗಿರುವ ಸಭಾಂಗಣದಲ್ಲಿ ನುಡಿಸುವವರಿಗೆ ಸಿಂಗಲ್ ಕಾಯಿಲ್ ಸೂಚಿಸುತ್ತೇನೆ. ಊರೂರು ತಿರುಗುವ ತಂಡದವರಿಗೆ ಕಡಿಮೆ ಸುತ್ತಿನ ಹಂಬಕರ್. ರೇ ಬಟ್ಸ್ ಗ್ರೆಚ್ ಗಿಟಾರ್‌ಗಳಿಗಾಗಿ ರೂಪಿಸಿದ ಫಿಲ್ಟರ್‌ಟ್ರಾನ್ ಶೈಲಿಯವು 4 ಕಿಲೋ ಓಮ್ ಆಸುಪಾಸಿನವು; ಹಂಬಕರ್ ಆಗಿಯೂ ಬಹಳ ತೆರೆದ ಧ್ವನಿ ಕೊಡುತ್ತವೆ. ಮಿನಿ ಹಂಬಕರ್ ಕೂಡ ಕಿರಿದಾದ ಅಗಲದಿಂದಾಗಿ ತಂತಿಯ ಚಿಕ್ಕ ಭಾಗವನ್ನಷ್ಟೇ ಕೇಳಿಸಿಕೊಂಡು ಸ್ಪಷ್ಟವಾಗಿ ನುಡಿಯುತ್ತದೆ. ಅರ್ಥಿಂಗ್ ಇಲ್ಲದ ಸಂಪರ್ಕದ ಅಪಾಯವನ್ನು ಮಾತ್ರ ಯಾವ ಹಂಬಕರ್ ಕೂಡ ತಪ್ಪಿಸಲಾರದು. ಗಿಟಾರ್ ತಂತಿ ಮುಟ್ಟಿದಾಗ ಜುಮ್ಮೆಂದರೆ ಪ್ಲಗ್ ಕಿತ್ತು ಎಲೆಕ್ಟ್ರಿಷಿಯನ್‌ರನ್ನು ಕರೆಯಬೇಕು.

ಅಯಸ್ಕಾಂತದ ಬಗ್ಗೆ ಅಗತ್ಯಕ್ಕಿಂತ ಹೆಚ್ಚು ಚರ್ಚೆ ನಡೆಯುತ್ತದೆ. ಅಲ್ನಿಕೋ ಎಂಬ ಮಿಶ್ರಲೋಹದ ಅಯಸ್ಕಾಂತಗಳಲ್ಲಿ ಅಲ್ನಿಕೋ 2 ದುರ್ಬಲ, ಅದರ ಕೆಳಸ್ವರಗಳು ಮೆತ್ತಗೆ. ಅಲ್ನಿಕೋ 5 ಬಲಶಾಲಿ, ಕೆಳಸ್ವರಗಳು ಬಿಗಿ. ಗಿಟಾರ್ ಸ್ವಭಾವತಃ ಮಂಕಾಗಿದ್ದರೆ 5, ತೀರಾ ಚುರುಕಾಗಿದ್ದರೆ 2 ಎಂದಿಟ್ಟುಕೊಂಡರೆ ಸಾಕು. ಮುಚ್ಚಳ ನಿಕಲ್ ಸಿಲ್ವರ್‌ನದಾಗಿದ್ದರೆ ಚಿಂತೆಯಿಲ್ಲ. ಅಗ್ಗದ ಪಿಕಪ್‌ಗಳ ಹಿತ್ತಾಳೆ ಮುಚ್ಚಳದಲ್ಲಿ ಸುಳಿ ವಿದ್ಯುತ್ ಹರಿದು ಮೇಲಿನ ಆವರ್ತನಗಳು ಕುಗ್ಗುತ್ತವೆ. ಅಂಥ ಮುಚ್ಚಳ ತೆಗೆದರೆ ಕೆಲವೊಮ್ಮೆ ಅಷ್ಟರಲ್ಲೇ ಕೆಲಸ ಮುಗಿಯುತ್ತದೆ.

ಹಾಗೆ ನೋಡಿದರೆ ಹೊಸ ಪಿಕಪ್ ಕೊಳ್ಳಲು ಬಂದವರಲ್ಲಿ ಹಲವರನ್ನು ಸ್ಕ್ರೂ ಡ್ರೈವರ್ ಒಂದರಿಂದಲೇ ಸಮಾಧಾನಪಡಿಸಿ ಕಳುಹಿಸಬಹುದು. ಕೊನೆಯ ಫ್ರೆಟ್‌ನಲ್ಲಿ ತಂತಿ ಒತ್ತಿ ಹಿಡಿದು ಪಿಕಪ್‌ಗೂ ತಂತಿಗೂ ನಡುವಿನ ಅಂತರ ಅಳೆದು ನೋಡಿ. ನೆಕ್ ಹಂಬಕರ್‌ಗೆ 2.4 ಮಿಲಿಮೀಟರ್ ಸಾಮಾನ್ಯ ಆರಂಭ ಬಿಂದು. ನಾನು ಅಲ್ಲಿಂದ ಇನ್ನೂ ಕೆಳಗಿಳಿಸುತ್ತೇನೆ, ದಪ್ಪ ತಂತಿಗಳ ಬದಿಯನ್ನು 3 ಮಿಲಿಮೀಟರ್‌ಗೂ ಆಚೆ, ನಂತರ ತೆಳು ತಂತಿಗಳ ಕೆಳಗಿನ ಸ್ಕ್ರೂಗಳನ್ನು ಅರ್ಧ ಸುತ್ತು ಮೇಲೆತ್ತುತ್ತೇನೆ. ಜೋರು ಕಡಿಮೆಯಾದದ್ದನ್ನು ಆಂಪ್ಲಿಫೈಯರ್‌ನಲ್ಲಿ ತುಂಬಿಕೊಳ್ಳಬಹುದು, ಆದರೆ ಪಿಕಪ್‌ನಲ್ಲೇ ಕಲಸಿಹೋದದ್ದನ್ನು ಯಾವ ಈಕ್ವಲೈಜರ್ ಕೂಡ ಬಿಡಿಸಿ ಕೊಡಲಾರದು. ಸ್ಟ್ರಾಟ್ ಮಾದರಿಯ ದಂಡಾಕಾರದ ಅಯಸ್ಕಾಂತಗಳು ತಂತಿಗೆ ತೀರಾ ಹತ್ತಿರವಿದ್ದರೆ ಇನ್ನೊಂದು ದೋಷವೂ ಸೇರುತ್ತದೆ: ಅಯಸ್ಕಾಂತ ತಂತಿಯನ್ನು ಎಳೆಯುವುದರಿಂದ ಮೇಲಿನ ಫ್ರೆಟ್‌ಗಳಲ್ಲಿ ದಪ್ಪ ತಂತಿಗಳು ಎರಡು ಶ್ರುತಿಯಲ್ಲಿ ನಡುಗುತ್ತವೆ. ಭಾವಗೀತೆಗೆ ಜೊತೆ ನುಡಿಸುವವರು ತಂತಿ ಎಳೆದು ಗಮಕ ತರುವಾಗ ಈ ನಡುಕ ಸ್ಪಷ್ಟವಾಗಿ ಕೇಳುತ್ತದೆ, ಹಾಡುವವರ ಶ್ರುತಿಗೂ ಅಡ್ಡ ಬರುತ್ತದೆ.

ಅನಂತರ ಪಾಟ್‌ಗಳು, ಅಂದರೆ ವಾಲ್ಯೂಮ್ ಮತ್ತು ಟೋನ್ ಗುಂಡಿಗಳ ಕೆಳಗಿನ ರೋಧಕಗಳು. ಹಂಬಕರ್‌ಗೆ 500 ಕಿಲೋ ಓಮ್, ಸಿಂಗಲ್ ಕಾಯಿಲ್‌ಗೆ 250 ಎಂಬುದು ರೂಢಿ. ಇವುಗಳಲ್ಲಿ ಶೇಕಡಾ 20ರಷ್ಟು ಹೆಚ್ಚುಕಡಿಮೆ ಸಹಜವಾದ್ದರಿಂದ 500 ಎಂದು ಬರೆದಿರುವುದು 400 ಮಾತ್ರ ಇರಬಹುದು, ಆಗ ಶಿಖರ ಚಪ್ಪಟೆಯಾಗುತ್ತದೆ. ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ಪಾಟ್ ತರುವವರು ಮಲ್ಟಿಮೀಟರ್ ಜೊತೆಗೊಯ್ದು 500ಕ್ಕಿಂತ ಮೇಲೆ ತೋರುವುದನ್ನು ಆರಿಸಿಕೊಳ್ಳಲಿ. ಕೇಬಲ್‌ನದೂ ಅದೇ ಕಥೆ: ಮೀಟರಿಗೆ ಸುಮಾರು 100ರಿಂದ 150 ಪಿಕೋಫ್ಯಾರಡ್ ಎಂದರೆ 3 ಮೀಟರ್ ಸಾಕಾಗುವಲ್ಲಿ 6 ಮೀಟರ್ ಎಳೆದರೆ ಪಿಕಪ್‌ನ ಶಿಖರವನ್ನು ನಾವೇ ಕೆಳಕ್ಕೆ ತಳ್ಳಿದಂತೆ. ಇನ್ನು ಮಳೆಗಾಲದ ಮೂಡಿಗೆರೆಯಲ್ಲಿ ತುಕ್ಕು ಹಿಡಿದ ತಂತಿಯನ್ನಿಟ್ಟುಕೊಂಡು ಯಾವ ಪಿಕಪ್‌ನ ಗುಣವನ್ನೂ ಅಳೆಯಲಾಗದು. ಹೊಸ ತಂತಿ ಹಾಕಿಯೇ ಪರೀಕ್ಷೆ ಆರಂಭವಾಗಬೇಕು.

ಪರೀಕ್ಷೆಯನ್ನೂ ಒಬ್ಬರೇ ಕೋಣೆಯಲ್ಲಿ ಕುಳಿತು ಮಾಡಿದರೆ ಸಾಲದು. ಒಂಟಿಯಾಗಿ ಕೇಳುವಾಗ ದಪ್ಪವಾದ ನಾದವೇ ಹಿತ. ತಂಡದಲ್ಲಿ ಕೀಬೋರ್ಡ್ ವಾದಕರ ಎಡಗೈ ಮತ್ತು ಬೇಸ್ ಗಿಟಾರ್ ಆ ಜಾಗವನ್ನು ಮೊದಲೇ ಆಕ್ರಮಿಸಿರುತ್ತವೆ. ಆಂಪ್ಲಿಫೈಯರ್‌ನಲ್ಲಿ ಸ್ವಲ್ಪ ಗೇನ್ ಕೊಟ್ಟು, ಮೊದಲ ಮೂರು ಫ್ರೆಟ್‌ಗಳೊಳಗೆ ಆರೂ ತಂತಿಗಳ ಕಾರ್ಡ್ ನುಡಿಸಿ, ನಡುವಿನ ಎರಡು ತಂತಿಗಳನ್ನು ಕಿವಿಯಿಂದ ಹುಡುಕಿ. ಅವು ಸಿಕ್ಕರೆ ಪಿಕಪ್ ಪಾಸು. ಆಮೇಲೆ ಎರಡನೆಯ ತಂತಿಯಲ್ಲಿ ಹನ್ನೆರಡನೆಯ ಫ್ರೆಟ್‌ನಿಂದ ಮೇಲಕ್ಕೆ ಒಂದೊಂದೇ ಸ್ವರ ನುಡಿಸಿದಾಗ ತೆಳುವಾಗದೆ ಗುಂಡಗೆ ಬರುತ್ತಿದ್ದರೆ ಮೃದುತ್ವವೂ ಇದೆ ಎಂದರ್ಥ.

ಕೊಳ್ಳುವುದೇ ಆದರೆ ನಾಲ್ಕು ವೈರ್ ಮತ್ತು ಪ್ರತ್ಯೇಕ ಶೀಲ್ಡ್ ಇರುವ ಹಂಬಕರ್ ಕೊಳ್ಳಿ. ಹಾಸನದಲ್ಲಾಗಲಿ ಚಿಕ್ಕಮಗಳೂರಿನಲ್ಲಾಗಲಿ ಹಾಕಿ ಕೇಳಿ ಕೊಳ್ಳುವ ಅನುಕೂಲ ಕಡಿಮೆ. ಆನ್‌ಲೈನ್‌ನಲ್ಲಿ ತರಿಸಿದ್ದು ಮಂಕೆನಿಸಿದರೆ ಎರಡು ಕಾಯಿಲ್‌ಗಳನ್ನು ಸರಣಿಯಿಂದ ಸಮಾಂತರಕ್ಕೆ ಬದಲಿಸಬಹುದು. ಇಂಡಕ್ಟೆನ್ಸ್ ಸುಮಾರು ಕಾಲು ಭಾಗಕ್ಕಿಳಿದು ಧ್ವನಿ ತೆರೆದುಕೊಳ್ಳುತ್ತದೆ, ಜೋರು ಇಳಿಯುತ್ತದೆ, ಆದರೆ ಗುಂಯ್ಗುಡುವಿಕೆ ಮರಳುವುದಿಲ್ಲ. ಹಳೆಯ ಶೈಲಿಯ ಹಂಬಕರ್‌ನಲ್ಲಿ ಧ್ರುವಗಳ (ಪ್ರತಿ ತಂತಿಯ ಕೆಳಗಿನ ಲೋಹದ ತುದಿಗಳ) ಒಟ್ಟು ಅಗಲ 49ರಿಂದ 50 ಮಿಲಿಮೀಟರ್. ನೆಕ್ ಜಾಗದಲ್ಲಿ ತಂತಿಗಳು ಹತ್ತಿರ ಹತ್ತಿರ ಇರುವುದರಿಂದ ಇದೇ ಹೆಚ್ಚಿನ ಗಿಟಾರ್‌ಗಳಿಗೆ ಹೊಂದುತ್ತದೆ.

ಬೇರೆ ತಯಾರಕರ ಬ್ರಿಜ್ ಪಿಕಪ್ ಜೊತೆಗೆ ಕೂರಿಸುವಾಗ ಫೇಸ್, ಅಂದರೆ ಎರಡರ ಸಂಕೇತಗಳೂ ಒಂದೇ ದಿಕ್ಕಿಗೆ ಏರಿಳಿಯುತ್ತವೆಯೇ ಎಂಬುದನ್ನು, ನೋಡಲೇಬೇಕು. ಎರಡೂ ಒಟ್ಟಿಗೆ ನುಡಿಯುವ ಮಧ್ಯದ ಸ್ಥಾನದಲ್ಲಿ ಧ್ವನಿ ಟೊಳ್ಳಾಗಿ, ಕೆಳಸ್ವರವೇ ಇಲ್ಲದಂತೆ ಕೇಳಿದರೆ ಫೇಸ್ ತಿರುಗಿದೆ ಎಂದು ತಿಳಿಯಬೇಕು. ಬೆಸುಗೆ ಹಾಕುವ ಮೊದಲೇ ಪರೀಕ್ಷಿಸಲು ಮುಳ್ಳಿನ ಮಲ್ಟಿಮೀಟರ್ ಅನ್ನು ಪಿಕಪ್‌ಗೆ ಜೋಡಿಸಿ, ಕಡಿಮೆ ವೋಲ್ಟ್ ಶ್ರೇಣಿಯಲ್ಲಿಟ್ಟು, ಸ್ಕ್ರೂ ಡ್ರೈವರ್ ತುದಿಯನ್ನು ಧ್ರುವಗಳ ಮೇಲಿಟ್ಟು ಸರ್ರನೆ ಎತ್ತಬೇಕು. ಮುಳ್ಳು ಯಾವ ದಿಕ್ಕಿಗೆ ಚಿಮ್ಮುತ್ತದೆಂದು ಗುರುತಿಸಿಕೊಂಡು, ಬ್ರಿಜ್ ಪಿಕಪ್‌ನಲ್ಲೂ ಅದೇ ದಿಕ್ಕಿಗೆ ಚಿಮ್ಮುವಂತೆ ವೈರ್‌ಗಳನ್ನು ಹೊಂದಿಸಬೇಕು. ಎರಡೇ ವೈರ್ ಇದ್ದು ಲೋಹದ ಮುಚ್ಚಳ ಅದರಲ್ಲೊಂದಕ್ಕೆ ಕೂಡಿದ್ದರೆ ಸುಮ್ಮನೆ ಅದಲುಬದಲು ಮಾಡಬಾರದು, ಮುಚ್ಚಳ ಸಿಗ್ನಲ್ ಬದಿಗೆ ಸೇರಿ ಕೈ ತಾಗಿದಾಗಲೆಲ್ಲ ಗುಂಯ್ಗುಡುತ್ತದೆ. ಮೊದಲು ಮುಚ್ಚಳದ ಸಂಪರ್ಕವನ್ನು ಬಿಡಿಸಿ ಅದಕ್ಕೆ ಪ್ರತ್ಯೇಕ ಗ್ರೌಂಡ್ ವೈರ್ ಕೊಟ್ಟು, ಆಮೇಲೆ ಉಳಿದೆರಡನ್ನು ತಿರುಗಿಸಬೇಕು.